ಚಿತ್ರಸರಣಿಯ ಇನ್ಫೋಗ್ರಾಫಿಕ್: ಗೆರೆ ಹಿಡಿದು ವಿಶ್ಲೇಷಿಸಿದ ಬಗೆ

ಸಿನಿಮಾ ಸರಣಿಗಳ ಬಗ್ಗೆ ಬರುವ ಇನ್ಫೋಗ್ರಾಫಿಕ್‌ಗಳಲ್ಲಿ ಬಹುಪಾಲು ಗಳಿಕೆಯ ಕಂಬಗಳು, ಬಣ್ಣದ ವೃತ್ತಗಳು. ಅವನ್ನು ಪರೀಕ್ಷಿಸಲು ಸ್ಕೇಲು ಸಾಕು: ಗಳಿಕೆ ಎರಡು ಪಟ್ಟಾದರೆ ವೃತ್ತದ ವ್ಯಾಸ 1.41 ಪಟ್ಟು ಆಗಬೇಕು. ವ್ಯಾಸವನ್ನೇ ಎರಡು ಪಟ್ಟು ಮಾಡಿದ್ದರೆ ಕಣ್ಣಿಗೆ ಕಾಣುವ ವಿಸ್ತೀರ್ಣ ನಾಲ್ಕು ಪಟ್ಟಾಗಿರುತ್ತದೆ.

ನಾನು ಎತ್ತಿಕೊಂಡದ್ದು ಬೇರೆ ಜಾತಿಯ ನಕ್ಷೆ. ರ‍್ಯಾಂಡಲ್ ಮನ್ರೋ 2009ರಲ್ಲಿ ಎಕ್ಸ್‌ಕೆಸಿಡಿ ಎಂಬ ತಮ್ಮ ವೆಬ್ ಕಾಮಿಕ್‌ನ 657ನೇ ಕಂತಾಗಿ ಬಿಡಿಸಿದ್ದು. ಅದರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಚಿತ್ರಗಳ ಭಾಗ. ಪಾತ್ರಕ್ಕೊಂದು ಗೆರೆ, ಎಡದಿಂದ ಬಲಕ್ಕೆ ಕಾಲ. ಗೆರೆಗಳು ಹತ್ತಿರವಿದ್ದರೆ ಪಾತ್ರಗಳು ಒಟ್ಟಿಗಿವೆ ಎಂದರ್ಥ.

ಮೊದಲು ಪರದೆಯಲ್ಲಿ ಚಿತ್ರವನ್ನು 25 ಪ್ರತಿಶತಕ್ಕೆ ಕುಗ್ಗಿಸಿ, ಹೆಸರುಗಳು ಓದಲಾಗದ ಸ್ಥಿತಿಯಲ್ಲಿ ನೋಡಿದೆ. ಆಕಾರ ಮಾತ್ರ ಉಳಿಯುತ್ತದೆ: ಕಥೆಯಲ್ಲಿ ಪಯಣಿಗರು ಸೇರುವ ತಾಣ ರಿವೆಂಡೆಲ್‌ನಲ್ಲಿ ಒಂಬತ್ತು ಎಳೆಗಳು ಕೂಡಿಕೊಳ್ಳುತ್ತವೆ, ಮೊದಲ ಚಿತ್ರದ ಕೊನೆಗೆ ಜಡೆ ಬಿಚ್ಚಿದಂತೆ ಚದುರುತ್ತವೆ. ಫ್ರೋಡೊ–ಸ್ಯಾಮ್ ಒಂದು ಕಡೆ, ಸೆರೆಯಾದ ಮೆರ‍್ರಿ–ಪಿಪ್ಪಿನ್ ಇನ್ನೊಂದು ಕಡೆ, ಅವರ ಬೆನ್ನಟ್ಟಿದ ಮೂವರು ಮತ್ತೊಂದು ಕಡೆ. ಕಥೆಯ ಬೆನ್ನೆಲುಬು ಒಂದಕ್ಷರ ಓದದೆಯೇ ಸಿಗುತ್ತದೆ. ಈ ವಿನ್ಯಾಸದ ನಿಜವಾದ ಸಾಮರ್ಥ್ಯ ಅದೇ.

ಎರಡನೆಯದು, ಹೆಚ್ಚು ಹೊತ್ತು ಬೇಡುವ ಕೆಲಸ. ಎ3 ಹಾಳೆಯಲ್ಲಿ ಮುದ್ರಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಒಂದೊಂದೇ ಪಾತ್ರದ ಗೆರೆಯನ್ನು ಪೆನ್ಸಿಲ್ ಎತ್ತದೆ ಕೊನೆತನಕ ಎಳೆದುಕೊಂಡು ಹೋಗಬೇಕು. ಕಣ್ಣು ಪಕ್ಕದ ಗೆರೆಗೆ ಜಾರಿದಲ್ಲೆಲ್ಲ ಒಂದು ಚುಕ್ಕೆ. ಚುಕ್ಕೆಗಳು ಗುಂಪಾಗಿರುವಲ್ಲಿ ಕಾರಣ ಹುಡುಕಿ. ಸಾಮಾನ್ಯವಾಗಿ ಸಿಗುವುದು ಮೂರು: ಎರಡು ಗೆರೆಗಳು ತೀರ ಓರೆಯಾಗಿ ದಾಟಿರುತ್ತವೆ (ಲಂಬಕ್ಕೆ ಹತ್ತಿರವಾಗಿ ದಾಟಿದರೆ ಕಣ್ಣು ತಪ್ಪುವುದು ಕಡಿಮೆ), ಅಕ್ಕಪಕ್ಕದ ಬಣ್ಣಗಳು ಒಂದೇ ಗಾಢತೆಯವಾಗಿರುತ್ತವೆ, ಇಲ್ಲವೇ ಹೆಸರು ಬಹಳ ಹಿಂದೆ ಉಳಿದಿರುತ್ತದೆ. ಗಾಢತೆಯ ಅನುಮಾನವಿದ್ದರೆ ಚಿತ್ರವನ್ನು ಕಪ್ಪು–ಬಿಳುಪಿಗೆ ತಿರುಗಿಸಿ ನೋಡಿದರೆ ಸಾಕು. ಮನ್ರೋ ಹೆಸರುಗಳನ್ನು ಮೂಲೆಯ ಸೂಚಿಗೆ ತಳ್ಳದೆ ಗೆರೆಯ ಬಳಿಯೇ ಬರೆದದ್ದು ಸರಿಯಾದ ನಿರ್ಧಾರ. ಇಷ್ಟೊಂದು ಪಾತ್ರಗಳಿಗೆ ಬಣ್ಣದ ಸೂಚಿ ಕೊಟ್ಟಿದ್ದರೆ ನಕ್ಷೆ ಓದಲಾಗುತ್ತಿರಲಿಲ್ಲ.

ಲಂಬ ಅಕ್ಷದಲ್ಲಿ ಅನೇಕರು ಎಡವುತ್ತಾರೆ. ಮೇಲಿನ ಗೆರೆ ಎಂದರೆ ಮುಖ್ಯ ಪಾತ್ರ, ಕೆಳಗಿನದು ಖಳ ಎಂದು ಬರೆದುಬಿಡುತ್ತಾರೆ. ಇಲ್ಲಿ ಎತ್ತರ ಪಾತ್ರದ ಮಹತ್ವವನ್ನು ಹೇಳುವುದಿಲ್ಲ; ಮೇಲೆ–ಕೆಳಗೆ ಎಂಬುದು ಸ್ಥೂಲವಾಗಿ ವಾಯವ್ಯ–ಆಗ್ನೇಯ ದಿಕ್ಕು ಅಷ್ಟೇ, ಮುಖ್ಯ ಅರ್ಥವಿರುವುದು ಗೆರೆಗಳ ನಡುವಿನ ಅಂತರಕ್ಕೆ. ಅದೇ ಕಂತಿನ ‘12 ಆ್ಯಂಗ್ರಿ ಮೆನ್’ ನಕ್ಷೆ ಇದನ್ನು ತಿಳಿಸಲು ಒಳ್ಳೆಯ ಉದಾಹರಣೆ: ಒಂದೇ ಕೋಣೆ, ಹನ್ನೆರಡು ಜನ, ಪಕ್ಕಪಕ್ಕದಲ್ಲೇ ಸಾಗುವ ಹನ್ನೆರಡು ಗೆರೆ. ಮೊದಲು ಅದನ್ನು ತೋರಿಸಿದರೆ ದೊಡ್ಡ ನಕ್ಷೆಯ ವ್ಯಾಕರಣ ತಾನಾಗಿ ಹತ್ತುತ್ತದೆ.

ಕಾಲದ ಅಕ್ಷಕ್ಕೂ ಒಂದು ಪ್ರಶ್ನೆ ಕೇಳಬೇಕು: ಇದು ಕಥೆಯ ಕಾಲವೋ, ಪರದೆಯ ಕಾಲವೋ? ಹೆಲ್ಮ್ಸ್ ಡೀಪ್‌ನ ಯುದ್ಧವನ್ನು ಪರದೆಯಲ್ಲಿ ತುಂಡುತುಂಡಾಗಿ, ನಡುನಡುವೆ ಫ್ರೋಡೊನ ದೃಶ್ಯ ಸೇರಿಸಿ ತೋರಿಸುತ್ತಾರೆ. ನಕ್ಷೆಯಲ್ಲಿ ಎರಡೂ ಸಮಾನಾಂತರವಾಗಿ ಓಡಬೇಕು, ಹಾಗಾಗಿ ಅದು ಕಥೆಯ ಕಾಲವೇ. ಪರದೆಯ ಕಾಲ ಬೇಕಿದ್ದರೆ ನೀವೇ ಹೊಸದಾಗಿ ಬಿಡಿಸಬೇಕು. ಚಿತ್ರಮಂದಿರದ ಆವೃತ್ತಿಗಳು ಕ್ರಮವಾಗಿ 178, 179, 201 ನಿಮಿಷ, ಒಟ್ಟು 558. ಸೆಂಟಿಮೀಟರಿಗೆ 6 ನಿಮಿಷದಂತೆ 93 ಸೆಂ.ಮೀ. ಅಗಲದ ಹಾಳೆ ಬೇಕಾಗುತ್ತದೆ.

ಬಿಡಿಸುವ ಮೊದಲು ಒಂದು ಕೋಷ್ಟಕ ಮಾಡಿಕೊಳ್ಳಿ: ಸಾಲಿಗೊಂದು ದೃಶ್ಯ, ಕಂಬಕ್ಕೊಂದು ಪಾತ್ರ, ಪ್ರತಿ ಚೌಕದಲ್ಲಿ ಆ ಪಾತ್ರ ಇರುವ ಗುಂಪಿನ ಸಂಖ್ಯೆ. ಆಮೇಲೆ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಪಾತ್ರಕ್ಕೊಂದು ಲೇಯರ್. ದಾಟುವಿಕೆ, ಗೆರೆಯ ಬಾಗು, ಖಾಲಿ ಜಾಗ ಈ ಮೂರನ್ನೂ ಕಡಿಮೆ ಮಾಡಬೇಕು, ಆದರೆ ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ನಾನು ದಾಟುವಿಕೆಗೆ ಮೊದಲ ಸ್ಥಾನ ಕೊಡುತ್ತೇನೆ. ಗುಂಪು ಬದಲಾಗುವ ಪ್ರತಿ ಜಾಗದಲ್ಲೂ ಮುಂದೆ ಒಟ್ಟಿಗೆ ಹೊರಡುವವರನ್ನು ಮೊದಲೇ ಅಕ್ಕಪಕ್ಕ ಕೂರಿಸಿದರೆ ಅರ್ಧ ಗೋಜಲು ಅಲ್ಲೇ ಬಿಡಿಸಿಕೊಳ್ಳುತ್ತದೆ.