ಗಡಿಕೋಟೆಯ ಗವಿಗಳು ಇಂದಿನ ಟೇಬಲ್‌ಗೆ: ಬಿ2 ಮಾಡ್ಯೂಲನ್ನು ನಾನು ಹೊಸದಾಗಿಸಿದ ಬಗೆ

ಗ್ಯಾರಿ ಗೈಗ್ಯಾಕ್ಸ್ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಮಾಡ್ಯೂಲನ್ನು, ಅಂದರೆ ಸಿದ್ಧ ಸಾಹಸದ ಪುಸ್ತಕವನ್ನು, ಆಟಗಾರರು ಬಿ2 ಎಂದೇ ಕರೆಯುವುದು. 1980ರ ಆಸುಪಾಸಿನಲ್ಲಿ ಟಿಎಸ್‌ಆರ್ ಕಂಪನಿ ಇದನ್ನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಆಟದ ಬೇಸಿಕ್ ಸೆಟ್ಟಿನ ಪೆಟ್ಟಿಗೆಯೊಳಗೇ ಇಟ್ಟು ಮಾರಿತು. ಹಾಗಾಗಿ ಒಂದು ತಲೆಮಾರಿನ ಡಿಎಂಗಳು (ಡಂಜನ್ ಮಾಸ್ಟರ್, ಆಟ ನಡೆಸುವವರು) ಆಟ ನಡೆಸುವುದನ್ನು ಕಲಿತದ್ದೇ ಇದರಿಂದ. 2018ರಲ್ಲಿ ಗುಡ್‌ಮನ್ ಗೇಮ್ಸ್ ಇದನ್ನು ಆಟದ ಐದನೇ ಆವೃತ್ತಿಗೆ ತಂದಿತು. 2025ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ತನ್ನ ಹೊಸ ಸ್ಟಾರ್ಟರ್ ಸೆಟ್ಟನ್ನೂ ಇದೇ ಗಡಿನಾಡಿನ ಮೇಲೆ ಕಟ್ಟಿತು. ನಾನು ಹೇಳುತ್ತಿರುವುದು ಅವೆರಡರ ಬಗ್ಗೆ ಅಲ್ಲ. ಹಳೆಯ ಪುಸ್ತಕವನ್ನೇ ಮುಂದಿಟ್ಟುಕೊಂಡು, ಐದನೇ ಆವೃತ್ತಿಯಲ್ಲಿ ನಾಲ್ಕು ಜನ ಆಟಗಾರರಿಗಾಗಿ ನಾನು ಮಾಡಿಕೊಂಡ ಬದಲಾವಣೆಗಳ ಬಗ್ಗೆ.

ಮೊದಲ ನಿರ್ಧಾರ: ಭೂಪಟ ಮುಟ್ಟುವುದಿಲ್ಲ. ಸಾಹಸಿಗಳು ತಂಗುವ ಒಂದು ಗಡಿಕೋಟೆ, ಅದರಾಚೆ ಒಂದು ಕಣಿವೆ, ಕಣಿವೆಯ ಎರಡೂ ಬದಿಗೆ ‘ಎ’ಯಿಂದ ‘ಕೆ’ವರೆಗೆ ಗವಿಬಾಯಿಗಳು. ಒಳಗಿರುವುದು ಆಟದ ಕಾಲ್ಪನಿಕ ಜೀವಿಗಳು: ‘ಎ’ ಕೋಬೋಲ್ಡ್‌ಗಳದು, ‘ಬಿ’ ಮತ್ತು ‘ಸಿ’ ಎರಡು ಓರ್ಕ್ ಬಣಗಳದು, ‘ಡಿ’ ಗಾಬ್ಲಿನ್‌ಗಳದು, ‘ಇ’ ಒಂಟಿ ಓಗರ್‌ನದು, ‘ಎಫ್’ ಹಾಬ್‌ಗಾಬ್ಲಿನ್‌ಗಳದು. ‘ಎಚ್’ನಲ್ಲಿ ಬಗ್‌ಬೇರ್, ‘ಐ’ನಲ್ಲಿ ಮಿನೊಟಾರ್, ‘ಜೆ’ಯಲ್ಲಿ ನೋಲ್‌ಗಳು. ‘ಕೆ’ ಕೇಡಿನ ಪೂಜಾರಿಗಳ ಗುಡಿ. ಯಾವ ಬಾಯಿಗೆ ಮೊದಲು ನುಗ್ಗಬೇಕೆಂಬ ಆಯ್ಕೆ ಪೂರ್ತಿ ಆಟಗಾರರದು. ನಲವತ್ತು ವರ್ಷ ಕಳೆದರೂ ಈ ವಿನ್ಯಾಸಕ್ಕೆ ವಯಸ್ಸಾಗಿಲ್ಲ. ವಯಸ್ಸಾಗಿರುವುದು ಗವಿಗೆ ನುಗ್ಗಲು ಪುಸ್ತಕ ಕೊಡುವ ಕಾರಣಕ್ಕೆ: ಒಳಗಿರುವವರು ಹುಟ್ಟಿನಿಂದಲೇ ಕೆಟ್ಟವರು, ಕೋಟೆಯೊಳಗಿನವರು ನಾಗರಿಕರು, ಆದ್ದರಿಂದ ಕೊಂದು ಚಿನ್ನ ತನ್ನಿ. ಇಂದಿನ ಆಟಗಾರರಿಗೆ ಅಷ್ಟು ಸಾಲುವುದಿಲ್ಲ. ಕೋಬೋಲ್ಡ್ ಗವಿಯಲ್ಲಿ ಮರಿಗಳನ್ನೂ ಎಣಿಸಿ ಬರೆದಿಟ್ಟಿರುವುದನ್ನು ಕಂಡಾಗ ಟೇಬಲ್ ಸುಮ್ಮನಾಗಿಬಿಡುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಪರಿಹಾರ ಎಲ್ಲರನ್ನೂ ಒಳ್ಳೆಯವರನ್ನಾಗಿಸುವುದಲ್ಲ. ಹೊಸದಾಗಿಸಲು ಬೇಕಾದ ಅರ್ಧ ಸಾಮಾನು ಹಳೆಯ ನಿಯಮಪುಸ್ತಕದಲ್ಲೇ ಇದೆ, ನಾವು ಅದನ್ನು ಬಳಸುವುದನ್ನು ಬಿಟ್ಟಿದ್ದೇವೆ ಅಷ್ಟೆ. ಟಾಮ್ ಮೋಲ್ಡ್‌ವೇ ಸಂಪಾದಿಸಿದ 1981ರ ಬೇಸಿಕ್ ಪುಸ್ತಕದಲ್ಲಿ ಎದುರಾದ ಜೀವಿ ಏನು ಮಾಡುತ್ತದೆ ಎಂಬುದಕ್ಕೆ ಎರಡು ಆರುಮುಖದ ದಾಳ ಉರುಳಿಸಬೇಕು. 2 ಬಂದರೆ ಕೂಡಲೇ ದಾಳಿ. 3ರಿಂದ 5 ಹಗೆತನ, ದಾಳಿ ಮಾಡಲೂಬಹುದು. 6ರಿಂದ 8 ಗೊಂದಲ. 9ರಿಂದ 11 ದಾಳಿಯಿಲ್ಲ, ಮಾತಿಗೆ ಬರಬಹುದು. 12 ಗೆಳೆತನ. ಲೆಕ್ಕ ಹಾಕಿ ನೋಡಿ: ಕೂಡಲೇ ದಾಳಿಯಾಗುವುದು 36ಕ್ಕೆ ಒಂದು ಸಲ. ಗೊಂದಲ 36ಕ್ಕೆ 16 ಸಲ. ಎದುರಾದ ತಕ್ಷಣ ‘ಇನಿಷಿಯೇಟಿವ್ ಉರುಳಿಸಿ’ (ಹೋರಾಟದ ಸರದಿಗೆ ದಾಳ ಹಾಕಿ) ಎನ್ನುವುದು ನಾವು ಆಮೇಲೆ ಬೆಳೆಸಿಕೊಂಡ ರೂಢಿ.

ನಾನು ಈ ಪಟ್ಟಿಯನ್ನು ಹಾಗೆಯೇ ಐದನೇ ಆವೃತ್ತಿಗೆ ತಂದೆ. ಮಾತಾಡಲು ಮುಂದೆ ಬಂದ ಪಾತ್ರದ ಕರಿಸ್ಮಾ ಮಾಡಿಫೈಯರ್ (ವ್ಯಕ್ತಿತ್ವದ ಸೆಳೆತಕ್ಕೆ ತಕ್ಕ ಕೂಡಿಕೆ ಅಂಕಿ) ಸೇರಿಸುತ್ತೇನೆ, ಆದರೆ ಹೆಚ್ಚೆಂದರೆ +2. ಈ ಮಿತಿ ಬೇಕೇ ಬೇಕು. 16 ಕರಿಸ್ಮಾ ಇರುವ ಬಾರ್ಡ್‌ಗೆ (ಹಾಡುಗಾರ ಪಾತ್ರ) ಪೂರ್ತಿ +3 ಕೊಟ್ಟರೆ 9 ಅಥವಾ ಅದಕ್ಕಿಂತ ಹೆಚ್ಚು ಬೀಳುವುದು 36ಕ್ಕೆ 26 ಸಲ ಆಗುತ್ತದೆ, ಕಣಿವೆಯಲ್ಲಿ ಅಪಾಯವೇ ಉಳಿಯುವುದಿಲ್ಲ. ಪರ್ಸುವೇಷನ್, ಅಂದರೆ ಮಾತಿನಿಂದ ಒಪ್ಪಿಸುವ ಪ್ರಾವೀಣ್ಯವನ್ನು ಇಲ್ಲಿ ಸೇರಿಸುವುದೇ ಇಲ್ಲ, ಅದು ಮಾತುಕತೆ ಶುರುವಾದ ಮೇಲೆ.

ಎರಡನೆಯದು ಮೊರಾಲ್, ಅಂದರೆ ಎದೆಗಾರಿಕೆಯ ಪರೀಕ್ಷೆ. ಬಣದಲ್ಲಿ ಮೊದಲನೆಯವನು ಬಿದ್ದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ದಾಳ. ಮೊರಾಲ್ ಅಂಕಿಗಿಂತ ಹೆಚ್ಚು ಬಂದರೆ ಅವರು ಓಡುತ್ತಾರೆ ಅಥವಾ ಶರಣಾಗುತ್ತಾರೆ. ಕೋಬೋಲ್ಡ್ 6, ಗಾಬ್ಲಿನ್ 7, ಓರ್ಕ್, ಹಾಬ್‌ಗಾಬ್ಲಿನ್ ಮತ್ತು ನೋಲ್ 8, ಬಗ್‌ಬೇರ್ 9. ಗಾಬ್ಲಿನ್‌ಗಳು ಒಂದು ಪರೀಕ್ಷೆಯಲ್ಲಿ ಹಿಮ್ಮೆಟ್ಟುವ ಸಾಧ್ಯತೆ ಶೇ. 42. ಎರಡರಲ್ಲಿ ಒಂದರಲ್ಲಾದರೂ ಹಿಮ್ಮೆಟ್ಟುವ ಸಾಧ್ಯತೆ ಸುಮಾರು ಶೇ. 66. ಅಂದರೆ ಆರು ಗಾಬ್ಲಿನ್‌ಗಳ ಹೋರಾಟ ಹೆಚ್ಚಿನ ಸಲ ಮೂರು ಗಾಬ್ಲಿನ್‌ಗಳ ಹೋರಾಟವಾಗಿ ಮುಗಿಯುತ್ತದೆ.

ಐದನೇ ಆವೃತ್ತಿಯ ಸಮತೋಲನದ ಪ್ರಶ್ನೆ ಬಗೆಹರಿಯುವುದೂ ಇಲ್ಲಿಯೇ. ಬಿ2 ಮಾಡಿರುವುದು ಮೊದಲ ಲೆವೆಲ್ಲಿನ ಆರರಿಂದ ಒಂಬತ್ತು ಪಾತ್ರಗಳಿಗೆ, ನಮ್ಮ ಟೇಬಲ್‌ನಲ್ಲಿ ಕೂರುವುದು ನಾಲ್ವರು. ಗಾಬ್ಲಿನ್ ಗವಿಯ ಒಂದು ಕಾವಲು ಕೋಣೆಯಲ್ಲಿ ಆರು ಗಾಬ್ಲಿನ್‌ಗಳಿದ್ದಾರೆ. 2014ರ ನಿಯಮದಲ್ಲಿ ತಲಾ 50 ಎಕ್ಸ್‌ಪಿಯಂತೆ (ಅನುಭವದ ಅಂಕ) 300, ಸಂಖ್ಯೆಗಾಗಿ ಎರಡು ಪಟ್ಟು ಮಾಡಿದರೆ 600. ಮೊದಲ ಲೆವೆಲ್ಲಿನ ನಾಲ್ವರಿಗೆ ‘ಮಾರಣಾಂತಿಕ’ ಗೆರೆ ಇರುವುದು 400ಕ್ಕೆ. 2024ರ ನಿಯಮದಲ್ಲಿ ಆ ಗುಣಕವೇ ಇಲ್ಲ, ಅದೇ 300 ಸರಿಯಾಗಿ ‘ಮಧ್ಯಮ’ ಎಂದು ತೋರಿಸುತ್ತದೆ. ಎರಡನೆಯದನ್ನು ನಂಬಿ ಆರನ್ನೂ ಒಮ್ಮೆಲೇ ಬಿಟ್ಟರೆ 7 ಹಿಟ್ ಪಾಯಿಂಟಿನ (ಏಟು ತಾಳುವ ಅಂಕ) ವಿಝರ್ಡ್ ಮೊದಲ ಸುತ್ತಿನಲ್ಲೇ ನೆಲಕ್ಕೆ ಬೀಳಬಹುದು. ಹಾಗೆಂದು ಸಂಖ್ಯೆ ಇಳಿಸಿದರೆ ಬಣ ಬಣದಂತೆ ಕಾಣುವುದಿಲ್ಲ, ಮೂವರಿರುವ ಗವಿಗೆ ಯಾರೂ ಹೆದರುವುದಿಲ್ಲ. ಆದ್ದರಿಂದ ಸಂಖ್ಯೆ ಮುಟ್ಟುವುದಿಲ್ಲ. ಮೂವರು ಮೊದಲ ಸುತ್ತಿಗೆ, ಉಳಿದ ಮೂವರು ಮೂರನೇ ಸುತ್ತಿಗೆ, ಮೊದಲನೆಯವನು ಬಿದ್ದ ಕ್ಷಣ ಮೊರಾಲ್. ಓರ್ಕ್‌ಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು: 2014ರ ಓರ್ಕ್‌ಗೆ 15 ಹಿಟ್ ಪಾಯಿಂಟ್, ಗ್ರೇಟ್‌ಆಕ್ಸ್ ಏಟಿಗೆ 1ಡಿ12+3 (ಹನ್ನೆರಡು ಮುಖದ ಒಂದು ದಾಳ, ಜೊತೆಗೆ 3). ಮೊದಲ ಲೆವೆಲ್ಲಿನಲ್ಲಿ ಎರಡು ಓರ್ಕ್‌ಗಳಿಗಿಂತ ಹೆಚ್ಚು ಒಟ್ಟಿಗೆ ಬೇಡ.

ಆನ್‌ಲೈನ್ ನಕ್ಷೆಯಲ್ಲಿ ಆಡಿಸುವವರಿಗೆ ಒಂದು ಮಾತು. ಮೂಲ ನಕ್ಷೆಯ ಒಂದು ಚೌಕ 10 ಅಡಿ, ಇಂದಿನ ಸಾಫ್ಟ್‌ವೇರ್‌ಗಳ ಚೌಕ 5 ಅಡಿ. ಚಿತ್ರವನ್ನು ಹಾಗೇ ಹಾಕಿದರೆ ಹಾದಿಗಳೆಲ್ಲ 5 ಅಡಿ ಅಗಲವಾಗಿ, ಮುಂದಿನವನೊಬ್ಬನೇ ಹೊಡೆದಾಡುತ್ತಾನೆ, ಹಿಂದಿನ ಮೂವರು ನೋಡುತ್ತಾ ನಿಲ್ಲುತ್ತಾರೆ. ಪ್ರತಿ ಹಳೆಯ ಚೌಕ ಎರಡಕ್ಕೆರಡು ಹೊಸ ಚೌಕವಾಗುವಂತೆ ಗ್ರಿಡ್ ಹೊಂದಿಸಿ.

ಇನ್ನು ಕಾರಣಗಳು. ಪ್ರತಿ ಗವಿಗೂ ಒಂದು ಚೀಟಿ, ಚೀಟಿಯಲ್ಲಿ ನಾಲ್ಕೇ ಸಾಲು: ಮುಖಂಡನ ಹೆಸರು, ಈ ಬಣಕ್ಕೆ ಈ ತಿಂಗಳು ಏನು ಬೇಕು, ಯಾರಿಗೆ ಹೆದರುತ್ತಾರೆ, ಕೊಡಲು ಅವರ ಬಳಿ ಏನಿದೆ. ನಾಲ್ಕಕ್ಕಿಂತ ಹೆಚ್ಚು ಬರೆದದ್ದು ಟೇಬಲ್‌ಗೆ ಬರುವುದೇ ಇಲ್ಲ. ಮೂಲದಲ್ಲೇ ಬೀಜಗಳಿವೆ. ಸಂಕಟ ಬಂದಾಗ ಗಾಬ್ಲಿನ್‌ಗಳು ಓಗರ್‌ಗೆ 250 ಚಿನ್ನದ ನಾಣ್ಯದ ಚೀಲ ಎಸೆದು ಸಹಾಯಕ್ಕೆ ಕರೆಯುತ್ತಾರೆ. ನಾನು ಅದನ್ನು ಪ್ರತಿ ಸಲದ ಬೆಲೆ ಮಾಡಿದೆ, ಗಾಬ್ಲಿನ್‌ಗಳ ಬಳಿ ಇನ್ನು ಒಂದೇ ಚೀಲ ಉಳಿದಿದೆ. ಈಗ ಗಾಬ್ಲಿನ್‌ಗಳಿಗೆ ಹಣ ಬೇಕು, ಓಗರ್‌ಗೆ ಹೆಚ್ಚು ಕೊಡುವವರು ಬೇಕು, ಇಬ್ಬರೂ ಸಾಹಸಿಗಳ ಜೊತೆ ಮಾತಾಡಲು ಕಾರಣ ಸಿಕ್ಕಿತು. ಬಗ್‌ಬೇರ್‌ಗಳ ಗವಿಯಲ್ಲಿ ಬೇರೆ ಬೇರೆ ಬಣದ ಸೆರೆಯಾಳುಗಳಿದ್ದಾರೆ. ಅಲ್ಲಿಂದ ಬಿಡಿಸಿದ ಒಬ್ಬ ಓರ್ಕ್, ಓರ್ಕ್ ಗವಿಗೆ ಜೀವಂತ ಪರಿಚಯಪತ್ರ.

ಬೇಡಿಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು, ಇದರಲ್ಲಿ ರಾಜಿಯಿಲ್ಲ. ಎಲ್ಲರ ಬೇಡಿಕೆಯನ್ನೂ ಒಟ್ಟಿಗೆ ಪೂರೈಸಬಹುದಾದರೆ ಆಟಗಾರರು ಕಣಿವೆಗೆಲ್ಲ ಶಾಂತಿಸಭೆ ಕರೆದು ಮೂರು ಸೆಷನ್ ಮಾತಾಡುತ್ತಾರೆ. ನನ್ನ ಚೀಟಿಗಳಲ್ಲಿ ಗಾಬ್ಲಿನ್‌ಗಳಿಗೂ ಹಾಬ್‌ಗಾಬ್ಲಿನ್‌ಗಳಿಗೂ ಬೇಕಾದದ್ದು ಒಂದೇ ನೀರಿನ ಒರತೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಶತ್ರು.

ಕೇಡನ್ನು ರಕ್ತದಿಂದ ತೆಗೆದು ಕೃತ್ಯಕ್ಕೆ ಸೇರಿಸಲು ‘ಕೆ’ ಗುಡಿ ಸಾಕು. ಬಣಗಳನ್ನು ಸಂಬಳ ಕೊಟ್ಟು, ಬೆದರಿಸಿ ಈ ಕಣಿವೆಗೆ ಕರೆತಂದದ್ದು ಗುಡಿಯ ಪೂಜಾರಿಗಳು ಎಂದು ಇಟ್ಟುಕೊಂಡೆ. ಅವರು ಮನುಷ್ಯರು, ತಿಳಿದೇ ಮಾಡುತ್ತಿರುವವರು. ಅವರಿಗೆ ಯಾವ ನೋವಿನ ಹಿನ್ನೆಲೆಯನ್ನೂ ನಾನು ಬರೆಯಲಿಲ್ಲ, ಬೇಕೆಂದೇ. ಅನುಮಾನವಿಲ್ಲದೆ ಕತ್ತಿ ಎತ್ತಬಹುದಾದ ಎದುರಾಳಿ ಆಟಕ್ಕೆ ಬೇಕು. ಗುಡಿಯ ಅಸ್ಥಿಪಂಜರಗಳು, ಜಾಂಬಿಗಳು ಆ ಕೆಲಸಕ್ಕೇ ಇರುವುದು.

ಮರಿಗಳನ್ನು ಅಳಿಸಬೇಡಿ. ಅಳಿಸಿದರೆ ಗವಿ ಮನೆಯಾಗಿ ಉಳಿಯುವುದಿಲ್ಲ, ಬರೀ ಗುರಿಹಲಗೆಯಾಗುತ್ತದೆ. ನಾನು ಕೋಬೋಲ್ಡ್ ಗವಿಗೆ ಹಿಂಬದಿಯಲ್ಲಿ ಒಂದು ಕಿರಿದಾದ ದಾರಿ ಸೇರಿಸಿದೆ. ಎಚ್ಚರಿಕೆ ಕೂಗಿದ ಕೂಡಲೇ ಮರಿಗಳು, ಮುದುಕರು ಅದರಲ್ಲಿ ಹೊರಡುತ್ತಾರೆ, ಕಾವಲಿನವರು ಅವರಿಗೆ ಸಮಯ ಕೊಡಲು ಹೋರಾಡುತ್ತಾರೆ. ಸಮಯ ಸಿಕ್ಕಮೇಲೆ ಅವರೂ ಹೋಗುತ್ತಾರೆ. ಹೋರಾಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದ್ದೇಶ ಕೊಡಲಾಗದು. ಹಾಬ್‌ಗಾಬ್ಲಿನ್ ಗವಿಯಲ್ಲಿ ಸೆರೆಯಾದ ವ್ಯಾಪಾರಿಯನ್ನು ತಿನ್ನುವ ಏರ್ಪಾಟಿದೆ. ಅದನ್ನು ಒತ್ತೆಹಣವಾಗಿ ಬದಲಿಸಿ ಗಡುವು ಹಾಕಿದೆ. ಗಡುವಿನಿಂದ ಒತ್ತಡ ಹೆಚ್ಚೇ ಆಯಿತು.

ಸೆರೆ, ಚಿತ್ರಹಿಂಸೆ, ಮಕ್ಕಳಿಗೆ ಅಪಾಯ: ಈ ಮೂರನ್ನು ಸೆಷನ್ ಝೀರೋದಲ್ಲಿ, ಅಂದರೆ ಆಟ ಶುರುವಾಗುವ ಮುಂಚಿನ ಮಾತುಕತೆಯಲ್ಲಿ, ಹೆಸರಿಟ್ಟು ಕೇಳುತ್ತೇನೆ. ರಾನ್ ಎಡ್ವರ್ಡ್ಸ್ ಹೇಳಿದ ‘ಲೈನ್ಸ್ ಅಂಡ್ ವೇಲ್ಸ್’ ಇದಕ್ಕೆ ಸಾಕು: ಯಾವುದು ಆಟದಲ್ಲೇ ಇರಬಾರದು, ಯಾವುದು ಪರದೆಯ ಹಿಂದೆ ನಡೆದರೆ ಸಾಕು. ಆಟದ ನಡುವೆ ನಿಲ್ಲಿಸಲು ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಎಕ್ಸ್ ಕಾರ್ಡ್ ಮೇಜಿನ ಮಧ್ಯೆ ಇರುತ್ತದೆ. ‘ಏನಾದರೂ ತೊಂದರೆ ಇದೆಯಾ’ ಎಂದು ಸುಮ್ಮನೆ ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಪಟ್ಟಿ ಕೊಟ್ಟು ಟಿಕ್ ಹಾಕಿಸಿಕೊಳ್ಳಿ.

ಕನ್ನಡದಲ್ಲಿ ಆಡಿಸುವವರಿಗೆ ಬಹಳ ಒತ್ತಿ ಹೇಳಬೇಕಾದ ವಿಷಯ ಇನ್ನೊಂದಿದೆ. ಕೋಟೆಯೊಳಗೆ ನಾಗರಿಕರು, ಹೊರಗೆ ಕಾಡುಜನ ಎಂಬ ಚೌಕಟ್ಟು ನಮ್ಮಲ್ಲಿಗೂ ಬಲು ಸುಲಭವಾಗಿ ಇಳಿದುಬಿಡುತ್ತದೆ. ಬಣಗಳಿಗೆ ‘ದೇಸಿ’ ಬಣ್ಣ ಕೊಡುವ ಹುಮ್ಮಸ್ಸಿನಲ್ಲಿ ಸೋಲಿಗರ ಅಥವಾ ಜೇನುಕುರುಬರ ಹೆಸರು, ಉಡುಗೆ, ದೈವಗಳನ್ನು ಓರ್ಕ್‌ಗಳಿಗೆ ಅಂಟಿಸಿದರೆ ಹಳೆಯ ತಪ್ಪನ್ನು ಹತ್ತಿರದವರ ಮೇಲೆ ಮಾಡಿದಂತೆ. ಮಾತಿನ ಧಾಟಿಯೂ ಅಷ್ಟೇ. ಕೋಟೆಯ ಅಧಿಕಾರಿ ಪುಸ್ತಕದ ಕನ್ನಡ ಆಡಿ, ಗಾಬ್ಲಿನ್ ಉತ್ತರ ಕರ್ನಾಟಕದ ಕನ್ನಡವನ್ನೋ ಕುಂದಾಪುರದ ಕನ್ನಡವನ್ನೋ ಆಡಿದರೆ ಟೇಬಲ್ ನಗಬಹುದು, ಆದರೆ ಆ ನಗು ಯಾರ ಮೇಲೆ? ನಾನು ಬಣಗಳನ್ನು ಬೇರ್ಪಡಿಸುವುದು ವೇಗ ಮತ್ತು ಅಭ್ಯಾಸದಿಂದ. ಹಾಬ್‌ಗಾಬ್ಲಿನ್ ಪ್ರಶ್ನೆ ಕೇಳುವುದಿಲ್ಲ, ಆಜ್ಞೆ ಮಾತ್ರ. ಕೋಬೋಲ್ಡ್ ಪ್ರತಿ ವಾಕ್ಯದ ಕೊನೆಗೆ ಎಣಿಕೆ ಹೇಳುತ್ತದೆ. ಓಗರ್ ಉತ್ತರಿಸುವ ಮುನ್ನ ಬಹಳ ಹೊತ್ತು ಸುಮ್ಮನಿರುತ್ತಾನೆ.

ಕೋಟೆಯಲ್ಲಿ ಯಾರಿಗೂ ಹೆಸರಿಲ್ಲ, ಹುದ್ದೆ ಮಾತ್ರ. ಎಲ್ಲರಿಗೂ ಇಡುವ ಅಗತ್ಯವಿಲ್ಲ, ಆರು ಜನಕ್ಕೆ ಇಟ್ಟರೆ ಸಾಕು. ಅವರಲ್ಲಿ ನಗುಮುಖದ ಒಬ್ಬ ಪಾದ್ರಿ ಮುಖ್ಯ, ಒಳಗೊಳಗೆ ಕೇಡಿನ ಕಡೆಯವನು, ಜೊತೆಗೆ ಮೌನವ್ರತದ ಇಬ್ಬರು ಶಿಷ್ಯರು. ಮೂಲದಲ್ಲಿ ಅವನ ದ್ರೋಹ ದಾರಿಯಲ್ಲಿ ಥಟ್ಟನೆ ಬಯಲಾಗುತ್ತದೆ, ಆಟಗಾರರಿಗೆ ಮೋಸ ಮಾಡಿದಂತೆ ಅನಿಸುತ್ತದೆ. ಮೂರು ಸುಳಿವು ಇಟ್ಟೆ: ಬಿಡಿಸಿದ ವ್ಯಾಪಾರಿ ಅವನ ಧ್ವನಿ ಗುರುತಿಸುತ್ತಾನೆ, ಓರ್ಕ್‌ಗಳ ಸಂಬಳದ ನಾಣ್ಯಕ್ಕೂ ಅವನ ನಾಣ್ಯಕ್ಕೂ ಒಂದೇ ಮುದ್ರೆ, ಒಬ್ಬ ಶಿಷ್ಯ ನೆಲದ ಮೇಲೆ ಬೆರಳಿನಿಂದ ಗುಡಿಯ ಗುರುತು ಬರೆಯುತ್ತಾನೆ. ವದಂತಿಗಳ ಪಟ್ಟಿಗೂ ಇದೇ ಉಪಚಾರ. ‘ಗವಿಬಾಯಿಗಳಿಗೆಲ್ಲ ಬಲೆ ಒಡ್ಡಿದ್ದಾರೆ’ ಎಂಬ ಸುಳ್ಳು ಸುದ್ದಿ ಮೂಲದಲ್ಲಿ ದಾಳದಿಂದ ಬರುತ್ತದೆ. ನನ್ನಲ್ಲಿ ಅದು ಪಾದ್ರಿಯ ಬಾಯಿಂದ.

ನಿಧಿಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಹಳೆಯ ನಿಯಮದಲ್ಲಿ ಒಂದು ಚಿನ್ನಕ್ಕೆ ಒಂದು ಎಕ್ಸ್‌ಪಿ, ಫೈಟರ್ ಎರಡನೇ ಲೆವೆಲ್‌ಗೆ 2,000 ಬೇಕು, ಅದಕ್ಕೇ ಗವಿಗಳಲ್ಲಿ ಅಷ್ಟು ಚಿನ್ನ. ಐದನೇ ಆವೃತ್ತಿಯಲ್ಲಿ 300 ಸಾಕು, ಚಿನ್ನಕ್ಕೆ ಎಕ್ಸ್‌ಪಿ ಇಲ್ಲ. ಎಕ್ಸ್‌ಪಿ ಪೂರ್ತಿ ಬಿಟ್ಟು, ಒಂದು ಗವಿಯ ಪ್ರಶ್ನೆ ಯಾವ ದಾರಿಯಿಂದಾದರೂ ಬಗೆಹರಿದರೆ ಎರಡನೇ ಲೆವೆಲ್, ಆಮೇಲೆ ಎರಡೆರಡು ಗವಿಗೆ ಒಂದು ಲೆವೆಲ್ ಎಂದಿಟ್ಟೆ. ಕೊಂದವರಿಗೂ ಒಪ್ಪಂದ ಮಾಡಿಕೊಂಡವರಿಗೂ ಸಮಾನ.

ಸಾಹಸಿಗಳು ಕೋಟೆಗೆ ಮರಳಿ ಮೂರು ದಿನ ಕಳೆದಾಗಲೆಲ್ಲ ಪ್ರತಿ ಗವಿಗೆ ಒಂದು ಆರುಮುಖದ ದಾಳ: 1 ಬಂದರೆ ಬಣ ಕಣಿವೆ ಬಿಡುತ್ತದೆ, 2–3 ಕಾವಲು ಬಿಗಿಯಾಗುತ್ತದೆ, 4–5 ಪಕ್ಕದ ಖಾಲಿ ಗವಿ ಆಕ್ರಮಿಸುತ್ತದೆ, 6 ರಸ್ತೆಯಲ್ಲಿ ದರೋಡೆ. ಒಪ್ಪಂದ ಮಾಡಿಕೊಂಡ ಬಣಕ್ಕೆ 6 ಬಂದರೆ ಸಾಹಸಿಗಳನ್ನು ಕೋಟೆಯ ಅಧಿಕಾರಿ ಕರೆಸಿ ಕೇಳುತ್ತಾನೆ.

ನೀವು ಮಾಡಿಕೊಂಡದ್ದನ್ನು ಹಂಚುವುದಾದರೆ ಚೀಟಿ, ಪಟ್ಟಿ, ನಿಮ್ಮ ಸುಳಿವುಗಳನ್ನು ಮಾತ್ರ ಹಂಚಿ. ಬಿ2ರ ಪಠ್ಯ ಮತ್ತು ನಕ್ಷೆ ಇನ್ನೂ ವಿಝರ್ಡ್ಸ್ ಆಫ್ ದ ಕೋಸ್ಟ್‌ನ ಸ್ವತ್ತು. ಗಾಬ್ಲಿನ್, ಓಗರ್ ಮೊದಲಾದವುಗಳ ಅಂಕಿಅಂಶ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವ ಎಸ್‌ಆರ್‌ಡಿ 5.1 ಎಂಬ ನಿಯಮಗಳ ದಾಖಲೆಯಲ್ಲಿವೆ. ಮೂಲವನ್ನು ಹೆಸರಿಸಿ ಅವನ್ನು ಬಳಸಬಹುದು.