ಕಾಫಿಪುಡಿಗೊಂದು ಪ್ರೈವೇಟ್ ಲಿಮಿಟೆಡ್: ತೋಟದ ಮನೆಯವರು ಕಂಪನಿ ಕಟ್ಟುವ ಬಗೆ

ಕಣದಲ್ಲಿ ಒಣಗಿದ ಕಾಫಿಯನ್ನು ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟು ಸುಮ್ಮನಾಗದೆ, ತಾವೇ ಹುರಿದು, ಪುಡಿ ಮಾಡಿ, ಸ್ವಂತ ಹೆಸರಿನ ಪ್ಯಾಕೆಟ್‌ನಲ್ಲಿ ಮಾರುವ ಮನೆಗಳು ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆ ಅಲ್ಲಲ್ಲಿ ಇವೆ. ನೆಂಟರಿಷ್ಟರಿಗೆ, ಹೋಮ್‌ಸ್ಟೇಗೆ ಬಂದವರಿಗೆ ಮಾರುವಷ್ಟು ದಿನ ಕಂಪನಿಯ ಮಾತು ಬರುವುದಿಲ್ಲ. ಬೆಂಗಳೂರಿನ ಕೆಫೆಯೊಂದು ತಿಂಗಳಿಗೆ 100 ಕೆ.ಜಿ. ಕೇಳಿದಾಗ, ಇಲ್ಲವೇ ಅಣ್ಣ, ತಂಗಿ, ಭಾವ ಸೇರಿ ದುಡ್ಡು ಹಾಕಿ ರೋಸ್ಟರ್ ಕೊಳ್ಳಲು ಹೊರಟಾಗ ‘ಒಂದು ಪ್ರೈವೇಟ್ ಲಿಮಿಟೆಡ್ ಮಾಡಿಬಿಡೋಣ’ ಎಂಬ ಮಾತು ಹುಟ್ಟುತ್ತದೆ. ನೋಂದಣಿ ಕಷ್ಟವಲ್ಲ. ಕಷ್ಟವಿರುವುದು ಆಮೇಲೆ: ಮನೆಯ ದುಡ್ಡು, ತೋಟದ ದುಡ್ಡು, ಕಂಪನಿಯ ದುಡ್ಡು ಮೂರೂ ಬೆರೆಯದಂತೆ ನೋಡಿಕೊಳ್ಳುವುದರಲ್ಲಿ.

ಕಂಪನಿಯೇ ಬೇಕೆ?

ಮೊದಲು ತೆರಿಗೆಯ ಲೆಕ್ಕ ಹಾಕಿ. ಆದಾಯ ತೆರಿಗೆಯಲ್ಲಿ ಕಾಫಿಗೇ ಪ್ರತ್ಯೇಕ ನಿಯಮವಿದೆ. ಬೆಳೆದವರೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿ ಮಾರಿದರೆ ಲಾಭದ 25% ಮಾತ್ರ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಬೆಳೆದವರೇ ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯ, ಚಿಕೋರಿ ಬೆರೆಸಿದರೂ ಅಷ್ಟೆ. ಆದರೆ ತೋಟ ಅಪ್ಪನ ಹೆಸರಿನಲ್ಲಿದ್ದು, ಹುರಿದು ಮಾರುವುದು ಕಂಪನಿಯಾದರೆ, ಆ ಕಂಪನಿ ಕಾಫಿ ಬೆಳೆದದ್ದಲ್ಲ. ಅದರ ಲಾಭವೆಲ್ಲ ವ್ಯಾಪಾರದ ಲಾಭವೇ. ಅಪ್ಪ ಕ್ಯೂರಿಂಗ್ ಮಾಡಿಸದೆ ಕಂಪನಿಗೆ ಕೊಟ್ಟ ಕಾಫಿಯ ಆದಾಯ ಮಾತ್ರ ಅವರ ಕೈಯಲ್ಲಿ ಪೂರ್ತಿ ಕೃಷಿ ಆದಾಯವಾಗಿ ಉಳಿಯುತ್ತದೆ. ಹಾಗಾಗಿ ಒಬ್ಬರದೇ ತೋಟ, ಒಬ್ಬರದೇ ವ್ಯಾಪಾರ, ಸಾಲವೂ ಇಲ್ಲ ಎಂದಾದರೆ ಕಂಪನಿಯ ಗೋಜು ಬೇಡ ಎಂದೇ ನಮ್ಮ ಸಲಹೆ.

ಇಬ್ಬರು ಮೂವರು ಸೇರಿ ದುಡಿಯುವುದು, ಹೊರಗಿನವರಿಗೆ ಪಾಲು ಕೊಡುವ ಯೋಚನೆ ಇಲ್ಲ ಎಂದಾದರೆ ಎಲ್‌ಎಲ್‌ಪಿ ಸಾಕು. ಇದು 2008ರ ಕಾಯ್ದೆಯ ಸೀಮಿತ ಹೊಣೆಯ ಪಾಲುದಾರಿಕೆ. ವಹಿವಾಟು 40 ಲಕ್ಷ ರೂ., ಬಂಡವಾಳ 25 ಲಕ್ಷ ರೂ. ಒಳಗಿದ್ದರೆ ಆ ಕಾಯ್ದೆಯಡಿ ಆಡಿಟ್ ಕಡ್ಡಾಯವಲ್ಲ. ವರ್ಷಕ್ಕೆ ಎರಡೇ ಫಾರಂ: ಮೇ 30ರೊಳಗೆ ಫಾರಂ 11, ಅಕ್ಟೋಬರ್ 30ರೊಳಗೆ ಫಾರಂ 8. ತೆರಿಗೆ 30%, ಸೆಸ್ ಸೇರಿ 31.2%; ಆಮೇಲೆ ಪಾಲುದಾರರಿಗೆ ಹಂಚಿದ ಲಾಭಕ್ಕೆ ಮತ್ತೆ ತೆರಿಗೆ ಇಲ್ಲ. ಕಂಪನಿ 22%ರ ಆಯ್ಕೆ ತೆಗೆದುಕೊಂಡರೆ ಸರ್ಚಾರ್ಜ್, ಸೆಸ್ ಸೇರಿ 25.168% ಆಗುತ್ತದೆ. ಆದರೆ ಡಿವಿಡೆಂಡ್ (ಷೇರುದಾರರಿಗೆ ಕೊಡುವ ಲಾಭದ ಪಾಲು) ಹಂಚಿದರೆ ಪಡೆದವರ ಕೈಯಲ್ಲಿ ಇನ್ನೊಮ್ಮೆ ತೆರಿಗೆ. ಲಾಭವನ್ನು ವ್ಯಾಪಾರದಲ್ಲೇ ಬಿಟ್ಟು ಬೆಳೆಸುವವರಿಗೆ, ಮುಂದೆ ಹೂಡಿಕೆದಾರರನ್ನು ಕರೆತರುವವರಿಗೆ ಕಂಪನಿಯೇ ಸರಿ.

‘ಲಿಮಿಟೆಡ್’ ಎಂಬ ಪದವನ್ನೇ ನಂಬಿ ಕೂರಬೇಡಿ. ಕಂಪನಿ ಮುಳುಗಿದರೆ ಷೇರಿಗೆ ಹಾಕಿದ ಹಣ ಹೋಗುತ್ತದೆ, ತೋಟ ಉಳಿಯುತ್ತದೆ ಎಂಬುದು ನಿಜ. ಆದರೆ ಹೊಸ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದ ಮೇಲೆ ಆ ಸಾಲಕ್ಕೆ ಮಿತಿ ಇಲ್ಲ. ಪ್ರೈವೇಟ್ ಕಂಪನಿಯಿಂದ ವಸೂಲಾಗದ ಜಿಎಸ್‌ಟಿ, ಆದಾಯ ತೆರಿಗೆ ಬಾಕಿಯೂ ನಿರ್ದೇಶಕರ ಬೆನ್ನು ಹತ್ತಬಲ್ಲದು. ತಮ್ಮ ನಿರ್ಲಕ್ಷ್ಯವಿರಲಿಲ್ಲ ಎಂದು ತೋರಿಸಬೇಕಾದವರು ಅವರೇ.

ಯಾರು ನಿರ್ದೇಶಕರು, ಯಾರಿಗೆ ಎಷ್ಟು ಷೇರು

2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಆ ಇಬ್ಬರೇ ಎರಡೂ ಆಗಬಹುದು. ನಿರ್ದೇಶಕರಲ್ಲಿ ಒಬ್ಬರಾದರೂ ಆ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು; ಇಬ್ಬರು ಅಣ್ಣಂದಿರೂ ದುಬೈನಲ್ಲಿದ್ದರೆ ಊರಲ್ಲಿರುವ ಒಬ್ಬರನ್ನು ಸೇರಿಸಿಕೊಳ್ಳಿ. ಮನೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರೋ ಇಲಾಖೆಯ ನೌಕರರೋ ಇದ್ದರೆ ಇಲಾಖೆಯ ಅನುಮತಿಯಿಲ್ಲದೆ ಅವರನ್ನು ನಿರ್ದೇಶಕರನ್ನಾಗಿ ಮಾಡಬೇಡಿ. ಸೇವಾ ನಡತೆ ನಿಯಮ ಅದಕ್ಕೆ ಅಡ್ಡ ಬರುತ್ತದೆ.

ಷೇರು ಹಂಚುವಾಗ ಮುಲಾಜು ಬೇಡ, ಲೆಕ್ಕ ಬೇಕು. ಅರ್ಧಕ್ಕಿಂತ ಹೆಚ್ಚು ಮತವಿದ್ದರೆ ಸಾಮಾನ್ಯ ನಿರ್ಣಯ ಪಾಸಾಗುತ್ತದೆ. ನಿಯಮಾವಳಿ ತಿದ್ದುಪಡಿಯಂಥ ವಿಶೇಷ ನಿರ್ಣಯಕ್ಕೆ ಹಾಕಿದ ಮತಗಳಲ್ಲಿ 75% ಬೇಕು. 50–50 ಇಟ್ಟುಕೊಂಡ ಅಣ್ಣ ತಮ್ಮಂದಿರಲ್ಲಿ ಒಂದು ಭಿನ್ನಾಭಿಪ್ರಾಯ ಬಂದರೆ ಕಂಪನಿ ನಿಂತ ನೀರಾಗುತ್ತದೆ. ಅಣ್ಣನಿಗೆ 40, ತಂಗಿಗೆ 40, ಅಪ್ಪನಿಗೆ 20 ಎಂದು ಇಡುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ? ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ 20 ಪಾಲು ಅಮ್ಮ, ಮಗ, ಮಗಳಿಗೆ ಸಮನಾಗಿ 6.67ರಂತೆ ಒಡೆಯುತ್ತದೆ, ಅಜ್ಜಿ ಬದುಕಿದ್ದರೆ ನಾಲ್ವರಿಗೆ 5ರಂತೆ. ಅಜ್ಜಿ ಇಲ್ಲದಿದ್ದರೆ, ಅಣ್ಣ ತಂಗಿ ಒಪ್ಪದ ಪ್ರತಿ ವಿಷಯಕ್ಕೂ ಆಗ ಅಮ್ಮನ ಮತವೇ ನಿರ್ಣಾಯಕ. ಇದು ಬೇಕೋ ಬೇಡವೋ ಎಂದು ಇವತ್ತೇ ಕೂತು ಮಾತಾಡಿ. ಷೇರು ಮಾರುವವರು ಮೊದಲು ಉಳಿದ ಷೇರುದಾರರಿಗೇ ಕೇಳಬೇಕು, ಬೆಲೆ ಕಟ್ಟುವುದು ಹೀಗೆ ಎಂಬುದನ್ನು ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲೇ ಬರೆಸಿ. ಪೋರ್ಟಲ್‌ನ ಸಿದ್ಧ ಮಾದರಿಗೆ ಹಾಗೇ ಸಹಿ ಹಾಕುವುದು ಎಲ್ಲರೂ ಮಾಡುವ ತಪ್ಪು.

ಹೆಸರು

ಅರ್ಜಿ ಹಾಕುವುದು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ, ಸ್ಪೈಸ್ ಪ್ಲಸ್ ಎಂಬ ಫಾರಂನಲ್ಲಿ. ಭಾಗ ‘ಎ’ ಹೆಸರಿಗೆ. 1,000 ರೂ. ಶುಲ್ಕಕ್ಕೆ ಎರಡು ಹೆಸರು ಕೊಡಬಹುದು. ಒಪ್ಪಿಗೆಯಾದ ಹೆಸರು 20 ದಿನ ಮೀಸಲು.

ಮಲೆನಾಡು, ಕಾಫಿ, ಎಸ್ಟೇಟ್, ಹಿಲ್ಸ್ ಎಂಬ ಪದಗಳ ಜೋಡಣೆ ಇಟ್ಟವರು ಈಗಾಗಲೇ ಬಹಳ ಮಂದಿ ಇರುತ್ತಾರೆ. ಇರುವ ಕಂಪನಿಯ ಹೆಸರಿಗೆ ಊರಿನ ಹೆಸರು ಅಂಟಿಸಿದರೆ, ಒಂದಕ್ಷರ ಬದಲಿಸಿದರೆ, ಬಹುವಚನ ಮಾಡಿದರೆ ಬೇರೆ ಹೆಸರಾಗುವುದಿಲ್ಲ, ತಿರಸ್ಕಾರವಾಗುತ್ತದೆ. ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿ 30ನೇ ವರ್ಗ ಹುಡುಕಿ, ಕಾಫಿ ಬರುವುದು ಅದರಲ್ಲಿ. ಪ್ಯಾಕೆಟ್ ಮೇಲೆ ಹಾಕುವ ಹೆಸರಿನ ಬಗ್ಗೆ ಇನ್ನೊಂದು ಎಚ್ಚರ: ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಹೆಸರುಗಳನ್ನು ಸ್ವಂತ ಬ್ರ್ಯಾಂಡ್‌ನಂತೆ ಬಳಸಬೇಡಿ. ನಿಮ್ಮದೇ ಹೆಸರು ಸಿಕ್ಕಿದ ಮೇಲೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿಬಿಡಿ. ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂ., ಉಳಿದವರಿಗೆ 9,000 ರೂ. ಈ ರಿಯಾಯಿತಿಗೆ ಉದ್ಯಮ್ ನೋಂದಣಿ ಬೇಕು, ಅದು ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ.

ಅರ್ಜಿ ಎಲ್ಲಿ ನಿಲ್ಲುತ್ತದೆ

ಭಾಗ ‘ಬಿ’ ನೋಂದಣಿಗೆ. ಮೊದಲು ಇಬ್ಬರಿಗೂ ಕ್ಲಾಸ್-3 ಡಿಜಿಟಲ್ ಸಹಿ ಮಾಡಿಸಿಕೊಳ್ಳಿ. ನಿರ್ದೇಶಕರ ಗುರುತಿನ ಸಂಖ್ಯೆಯಾದ ಡಿನ್, ಕಂಪನಿಯ ಪ್ಯಾನ್, ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆ ಇದೇ ಅರ್ಜಿಯಲ್ಲಿ ಬರುತ್ತವೆ. ಜೊತೆಗಿರುವ ಅಜೈಲ್ ಪ್ರೊ ಫಾರಂನಲ್ಲಿ ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ, ಬ್ಯಾಂಕ್ ಖಾತೆ ಆಗುತ್ತವೆ. ಬೇಕೆಂದರೆ ಜಿಎಸ್‌ಟಿ ಕೂಡ. ಅಧಿಕೃತ ಬಂಡವಾಳ (ಕಂಪನಿ ಹೊರಡಿಸಬಹುದಾದ ಷೇರುಗಳ ಗರಿಷ್ಠ ಮೊತ್ತ) 15 ಲಕ್ಷ ರೂ.ವರೆಗೆ ಸಚಿವಾಲಯದ ನೋಂದಣಿ ಶುಲ್ಕವಿಲ್ಲ, ರಾಜ್ಯದ ಸ್ಟಾಂಪ್ ಶುಲ್ಕ ಇದೆ. ಕನಿಷ್ಠ ಒಂದು ಲಕ್ಷ ರೂ. ಬಂಡವಾಳ ಇರಲೇಬೇಕೆಂಬ ನಿಯಮ 2015ರಲ್ಲೇ ಹೋಯಿತು, ಈಗಲೂ ಹಾಗೆ ಹೇಳುವವರಿದ್ದಾರೆ.

ನಮ್ಮ ಕಡೆಯ ಅರ್ಜಿಗಳು ನಿಲ್ಲುವುದು ಎರಡು ಕಡೆ. ಒಂದು, ಇನಿಷಿಯಲ್. ಆಧಾರ್‌ನಲ್ಲಿ ‘ಎಂ.ಆರ್.’, ಪ್ಯಾನ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೆಯದೇ ರೂಪ. ಪ್ಯಾನ್‌ನಲ್ಲಿರುವಂತೆಯೇ ಉಳಿದದ್ದನ್ನೆಲ್ಲ ತಿದ್ದಿಸಿಕೊಂಡು ಆಮೇಲೆ ಡಿಜಿಟಲ್ ಸಹಿಗೆ ಹೋಗಿ. ಎರಡು, ವಿಳಾಸ. ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲೋ ಫೋನ್ ಬಿಲ್ಲೋ ಬೇಕು, ಮಾಲೀಕರ ಒಪ್ಪಿಗೆ ಪತ್ರ ಬೇಕು. ಮೆಸ್ಕಾಂ ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲೇ ಬರುತ್ತಿದ್ದರೆ ಒಪ್ಪಿಗೆ ಕೊಡುವವರು ಯಾರು? ಖಾತೆ ಬದಲಾವಣೆ, ಮೀಟರ್ ಹೆಸರು ಬದಲಾವಣೆ ಮೊದಲು ಮುಗಿಸಿ. ಅದು ತಡವಾಗುವಂತಿದ್ದರೆ ಪೇಟೆಯಲ್ಲೊಂದು ಕೋಣೆ ಬಾಡಿಗೆಗೆ ಹಿಡಿದು ಕರಾರು ಮಾಡಿಕೊಳ್ಳಿ. ಅಂಚೆ ಸರಿಯಾಗಿ ಮುಟ್ಟದ ತೋಟದ ಮನೆಗಿಂತ ಅದೇ ವಾಸಿ. ನೋಟಿಸ್ ಸಿಗಲಿಲ್ಲ ಎಂಬ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ.

ಅರ್ಜಿ ನೋಡುವುದು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರೀಯ ನೋಂದಣಿ ಕೇಂದ್ರ. ಆಮೇಲಿನ ವ್ಯವಹಾರ ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ನೋಂದಣಿಗೆ ಜನವರಿ ನಂತರದ ದಿನಗಳು ಒಳ್ಳೆಯವು. ಜನವರಿ 1 ಅಥವಾ ಆಮೇಲೆ ಹುಟ್ಟಿದ ಕಂಪನಿಯ ಮೊದಲ ಆರ್ಥಿಕ ವರ್ಷ ಮುಂದಿನ ವರ್ಷದ ಮಾರ್ಚ್ 31ಕ್ಕೆ ಮುಗಿಯುತ್ತದೆ, ಒಂದು ಸುತ್ತಿನ ವಾರ್ಷಿಕ ಫಾರಂ ಉಳಿಯುತ್ತದೆ. ಆದಾಯ ತೆರಿಗೆಗೆ ಮಾತ್ರ ಈ ಸವಲತ್ತು ಇಲ್ಲ.

ಪ್ರಮಾಣಪತ್ರ ಬಂದ ಮೇಲೆ

ಇಲ್ಲಿಂದ ದಿನ ಎಣಿಸಿ. 30 ದಿನದೊಳಗೆ ಮೊದಲ ಮಂಡಳಿ ಸಭೆ, ಅದರಲ್ಲೇ ಆಡಿಟರ್ ನೇಮಕ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಕಂಪನಿಗೆ ಆಡಿಟ್ ತಪ್ಪುವುದಿಲ್ಲ. ಎರಡು ತಿಂಗಳೊಳಗೆ ಷೇರು ಪತ್ರ. 180 ದಿನದೊಳಗೆ ಐಎನ್‌ಸಿ-20ಎ, ಅಂದರೆ ಷೇರಿನ ಹಣ ಬಂದಿದೆ ಎಂಬ ಘೋಷಣೆ. ಇದಿಲ್ಲದೆ ಕಂಪನಿ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ತೆಗೆಯುವಂತಿಲ್ಲ. ತಪ್ಪಿದರೆ ಕಂಪನಿಗೆ 50,000 ರೂ. ದಂಡ, ತಪ್ಪಿತಸ್ಥ ನಿರ್ದೇಶಕರಿಗೆ ದಿನಕ್ಕೆ 1,000 ರೂ.ಯಂತೆ ಒಂದು ಲಕ್ಷದವರೆಗೆ. ಮನೆಯ ಕಂಪನಿಗಳು ಎಡವುವುದು ಇಲ್ಲೇ: ಅಪ್ಪ ತಮ್ಮ ಖಾತೆಯಿಂದ ಎಲ್ಲರ ಷೇರಿನ ಹಣವನ್ನೂ ಒಟ್ಟಿಗೆ ಹಾಕಿರುತ್ತಾರೆ. ತಂಗಿಯ 40,000 ರೂ. ತಂಗಿಯ ಖಾತೆಯಿಂದಲೇ ಬರಬೇಕು. ಬೇಕಾದರೆ ಅಪ್ಪ ಅವಳ ಖಾತೆಗೆ ಉಡುಗೊರೆಯಾಗಿ ಹಾಕಲಿ, ಅವಳು ಅಲ್ಲಿಂದ ಕಂಪನಿಗೆ ಕಳಿಸಲಿ.

ಬೋರ್ಡು ಬರೆಸಿ. ಕಂಪನಿ ಕಾಯ್ದೆ ಹೆಸರು, ವಿಳಾಸ ಹೊರಗೆ ಕಾಣಬೇಕು, ಊರಿನ ಭಾಷೆಯಲ್ಲೂ ಇರಬೇಕು ಎನ್ನುತ್ತದೆ; ರಾಜ್ಯದ ಕಾನೂನು 60% ಕನ್ನಡ ಕೇಳುತ್ತದೆ. ಆಹಾರ ಸುರಕ್ಷತಾ ಪರವಾನಗಿಯನ್ನು ಕಂಪನಿಯ ಹೆಸರಿನಲ್ಲೇ ತೆಗೆದುಕೊಳ್ಳಿ, ಅಪ್ಪನ ಹೆಸರಿನ ಹಳೆಯದು ನಡೆಯುವುದಿಲ್ಲ. ಹುರಿದ ಕಾಫಿಗೆ ಜಿಎಸ್‌ಟಿ 5%, ಹುರಿಯದ ಬೀಜಕ್ಕೆ ಇಲ್ಲ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಮಿತಿ 40 ಲಕ್ಷ ರೂ. ಆದರೂ, ಹೊರರಾಜ್ಯಕ್ಕೆ ಒಂದು ಪ್ಯಾಕೆಟ್ ಮಾರಿದರೂ ನೋಂದಣಿ ಕಡ್ಡಾಯ.

ದುಡ್ಡು ಬೆರೆಯದಿರಲಿ

ತೋಟವನ್ನು ಕಂಪನಿಯ ಹೆಸರಿಗೆ ಮಾಡಬೇಡಿ. ಶೆಡ್ ಅಪ್ಪನದಾದರೆ ಬಾಡಿಗೆ ಕರಾರು ಬರೆದು ತಿಂಗಳು ತಿಂಗಳು ಬ್ಯಾಂಕ್ ಮೂಲಕ ಬಾಡಿಗೆ ಕೊಡಿ. ಅಪ್ಪನಿಂದ ಕಾಫಿ ಕೊಳ್ಳುವಾಗ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಹಾಕಿ, ತೂಕದ ಚೀಟಿ ಇಡಿ, ಬೆಲೆಯ ಮುದ್ರಿತ ಪ್ರತಿಯನ್ನು ಅದಕ್ಕೇ ಲಗತ್ತಿಸಿ. ಹೆಚ್ಚು ಬೆಲೆ ತೋರಿಸಿ ಲಾಭವನ್ನು ಕೃಷಿ ಆದಾಯದ ಕಡೆ ತಳ್ಳಿದ್ದೀರಿ ಎಂಬ ಪ್ರಶ್ನೆ ಬಂದ ದಿನ ನಿಮ್ಮನ್ನು ಕಾಯುವುದು ಆ ಕಾಗದ.

ಕಂಪನಿಯ ಖಾತೆಯಿಂದ ಮಗಳ ಕಾಲೇಜು ಫೀಸು ಕಟ್ಟುವುದು, ತೋಟದ ಆಳುಗಳ ಬಟವಾಡೆ ಕೊಡುವುದು ಬೇಡ. ನಿರ್ದೇಶಕರು ಹಾಗೆ ತೆಗೆದ ಹಣ ಅವರಿಗೆ ಕೊಟ್ಟ ಸಾಲವಾಗುತ್ತದೆ. ಕಂಪನಿ ಕಾಯ್ದೆ ಅದಕ್ಕೆ ತಡೆ ಒಡ್ಡುತ್ತದೆ, ಆದಾಯ ತೆರಿಗೆಯವರು ಅದನ್ನು ಡಿವಿಡೆಂಡ್ ಎಂದೇ ಎಣಿಸಬಹುದು. ಸಂಬಳವೆಂದು ನಿರ್ಣಯ ಮಾಡಿ, ಟಿಡಿಎಸ್ ಕಡಿದು ತೆಗೆದುಕೊಳ್ಳಿ.

ಹಣ ಒಳಗೆ ಬರುವಾಗಲೂ ಅಷ್ಟೇ ಎಚ್ಚರ ಬೇಕು. ನಿರ್ದೇಶಕರು ಸ್ವಂತ ಹಣವನ್ನು ಸಾಲವಾಗಿ ಕೊಡಬಹುದು, ‘ಇದು ನಾನು ಬೇರೆಯವರಿಂದ ಸಾಲ ತಂದದ್ದಲ್ಲ’ ಎಂದು ಬರೆದುಕೊಡಬೇಕು. ಪಕ್ಕದ ತೋಟದವರಿಂದ ಬಡ್ಡಿಗೆ ಐದು ಲಕ್ಷ ತಂದು ಕಂಪನಿಗೆ ಹಾಕಿದರೆ ಅದು ಠೇವಣಿ, ಕಾನೂನಿಗೆ ವಿರುದ್ಧ. ನಿರ್ದೇಶಕರ ಹೆಸರಿನಲ್ಲಿ ತಿರುಗಿಸಿ ಹಾಕುವ ದಾರಿಯನ್ನು ಆ ಘೋಷಣೆಯೇ ಮುಚ್ಚುತ್ತದೆ. ಮಾರ್ಚ್ 31ಕ್ಕೆ ಇರುವ ಇಂಥ ಸಾಲಗಳ ವಿವರ ಜೂನ್ 30ರೊಳಗೆ ಡಿಪಿಟಿ-3 ಫಾರಂನಲ್ಲಿ ಹೋಗಬೇಕು.

ಕೊಯ್ಲಿಗೆ ಮುಂಚೆ ಮುಗಿಸಿ

ಸಣ್ಣ ಕಂಪನಿಗೆ ವರ್ಷಕ್ಕೆ ಎರಡು ಮಂಡಳಿ ಸಭೆ ಸಾಕು, ಅರ್ಧ ವರ್ಷಕ್ಕೊಂದು, ನಡುವೆ 90 ದಿನವಾದರೂ ಇರಬೇಕು. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ (ಮೊದಲ ಸಲ ಮಾತ್ರ ವರ್ಷ ಮುಗಿದು 9 ತಿಂಗಳವರೆಗೆ). ಸಭೆಯಾಗಿ 30 ದಿನದೊಳಗೆ ಲೆಕ್ಕಪತ್ರ ಸಲ್ಲಿಸುವ ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರದ ಎಂಜಿಟಿ-7ಎ. ಕೊನೆಯ ದಿನ ಸಭೆ ಮಾಡಿದರೆ ಈ ಗಡುವುಗಳು ಅಕ್ಟೋಬರ್, ನವೆಂಬರ್ ಕೊನೆಗೆ ಬೀಳುತ್ತವೆ, ಅರೇಬಿಕಾ ಕೊಯ್ಲಿಗೆ ಆಳು ಹುಡುಕುವ ಹೊತ್ತಿಗೇ. ತಡವಾದ ಪ್ರತಿ ಫಾರಂಗೆ ದಿನಕ್ಕೆ 100 ರೂ., ಇಷ್ಟೇ ಎಂಬ ಮಿತಿಯಿಲ್ಲ. ಎರಡು ಫಾರಂ ಒಂದು ವರ್ಷ ಮರೆತರೆ 73,000 ರೂ. ಮಳೆಗಾಲದಲ್ಲಿ, ಆಗಸ್ಟ್‌ನಲ್ಲೇ ಸಭೆ ಮುಗಿಸಿ. ತೋಟದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕಾಲವಾದ್ದರಿಂದ ಫಾರಂ ಹಾಕುವ ಕೆಲಸವನ್ನು ಪೇಟೆಯ ಸಿಎ ಕಚೇರಿಯಲ್ಲಿ ಕೂತು ಮಾಡಿ.

ಸತತ ಮೂರು ವರ್ಷ ಫಾರಂ ಹಾಕದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು, ಹೆಸರಿಗಷ್ಟೇ ಸಹಿ ಹಾಕಿದ ಅತ್ತಿಗೆಯೂ ಸೇರಿ. ವ್ಯಾಪಾರ ಕೈಗೂಡದಿದ್ದರೆ ಕಂಪನಿಯನ್ನು ಹಾಗೇ ಬಿಡಬೇಡಿ. ಎರಡು ವರ್ಷ ವ್ಯವಹಾರವಿಲ್ಲದ ಕಂಪನಿ ಬಾಕಿ ತೀರಿಸಿ, ಬಾಕಿ ಫಾರಂ ಹಾಕಿ, ಜಿಎಸ್‌ಟಿ ರದ್ದು ಮಾಡಿಸಿ, ಬ್ಯಾಂಕ್ ಖಾತೆ ಮುಚ್ಚಿ, 10,000 ರೂ. ಶುಲ್ಕದೊಂದಿಗೆ, ಕಂಪನಿಯ ಹೆಸರನ್ನು ನೋಂದಣಿ ಪಟ್ಟಿಯಿಂದ ತೆಗೆಸುವ ಎಸ್‌ಟಿಕೆ-2 ಅರ್ಜಿ ಸಲ್ಲಿಸಬಹುದು. ಖಾತೆ ಮುಚ್ಚಿದ ಪತ್ರವನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ, ಅರ್ಜಿಗೆ ಅದು ಬೇಕು.