ಒಂದು ಫಿಲ್ಟರ್, ಎರಡು ಎಡವಟ್ಟು

ಒಂದು ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಆರ್ಡರ್ ಲೆಕ್ಕದ ಪೇಜ್ ಮಾಡಿಕೊಟ್ಟಿದ್ದೆ. ರದ್ದಾದದ್ದು, ವಾಪಸ್ ಬಂದದ್ದು ಬಿಟ್ಟು ಉಳಿದ ಆರ್ಡರ್‌ಗಳ ಟೋಟಲ್ ತೋರಿಸಬೇಕು, ಅಷ್ಟೇ. ಷರತ್ತು ನಿಜವಾದವನ್ನಷ್ಟೇ ಉಳಿಸುವ ಫಿಲ್ಟರ್ ಒಳಗೆ ಹೀಗೆ ಬರೆದಿದ್ದೆ (!== ಅಂದರೆ "ಅಲ್ಲ", || ಅಂದರೆ "ಅಥವಾ"):

ಸ್ಟೇಟಸ್ !== "ರದ್ದು" || ಸ್ಟೇಟಸ್ !== "ವಾಪಸ್"

ಸರಿಯಾಗೇ ಕಾಣುತ್ತದೆ, ಅಲ್ವಾ? "ರದ್ದೂ ಬೇಡ, ವಾಪಸ್ಸೂ ಬೇಡ" ಅಂತ ಮನಸ್ಸಲ್ಲೇ ಹೇಳಿಕೊಂಡು ಟೈಪ್ ಮಾಡಿದ್ದೆ. ಆದರೆ ರದ್ದಾದ ಆರ್ಡರ್ "ವಾಪಸ್" ಅಲ್ಲವಲ್ಲ! ಹಾಗಾಗಿ ಎರಡನೇ ಷರತ್ತಿನಲ್ಲಿ ಅದು ಪಾಸ್. ವಾಪಸ್ ಬಂದದ್ದು ಮೊದಲನೆಯದರಲ್ಲಿ ಪಾಸ್. ಅಂದರೆ ಈ ಫಿಲ್ಟರ್ ಯಾವುದನ್ನೂ ಸೋಸುವುದೇ ಇಲ್ಲ. ಅಂಗಡಿಯವರು ಫೋನ್ ಮಾಡಿ, "ಸಾರ್, ಗಲ್ಲಾಕ್ಕೂ ನಿಮ್ಮ ಟೋಟಲ್‌ಗೂ ತಾಳೆ ಆಗ್ತಿಲ್ಲ" ಅಂದಾಗಲೇ ಗೊತ್ತಾಗಿದ್ದು.

|| ತೆಗೆದು && ("ಮತ್ತು") ಹಾಕಿದೆ, ಸರಿಹೋಯಿತು. ಆಮೇಲೆ ಡ್ರಾಫ್ಟ್ ಅನ್ನುವ ಸ್ಟೇಟಸ್ ಬಂತು, ಪೇಮೆಂಟ್ ಫೇಲ್ ಬಂತು. ಸಾಲು ಸ್ಕ್ರೀನ್ ದಾಟಿ ಹೋಯಿತು. ಇನ್ನೊಂದು ಸಲ ಅದೇ ತಪ್ಪು ಮಾಡುತ್ತೇನೆ ಅಂತ ನನಗೇ ಅನುಮಾನ. ಆಗ ಬೇಡದ್ದನ್ನೆಲ್ಲ ಒಂದು ಅರೇಗೆ (ಪಟ್ಟಿಗೆ) ಹಾಕಿದೆ:

ಬೇಡದವು = ["ರದ್ದು", "ವಾಪಸ್", "ಡ್ರಾಫ್ಟ್", "ಪೇಮೆಂಟ್ ಫೇಲ್"]

ಫಿಲ್ಟರ್‌ನಲ್ಲಿ ಉಳಿದದ್ದು ಇಷ್ಟೇ, ಅಂದರೆ "ಸ್ಟೇಟಸ್ ಆ ಪಟ್ಟಿಯಲ್ಲಿ ಇಲ್ಲ":

!ಬೇಡದವು.ಇನ್‌ಕ್ಲೂಡ್ಸ್(ಸ್ಟೇಟಸ್)

ಈಗ && ಹಾಕಬೇಕಾ, || ಹಾಕಬೇಕಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಹೊಸ ಸ್ಟೇಟಸ್ ಬಂದರೆ ಅರೇಗೆ ಒಂದು ಪದ ಸೇರಿಸಿದರಾಯಿತು. ಇನ್‌ಕ್ಲೂಡ್ಸ್ 2016ರಿಂದಲೇ ಸ್ಟ್ಯಾಂಡರ್ಡ್‌ನಲ್ಲಿದೆ. ಅದಕ್ಕೂ ಮೊದಲು ಇಂಡೆಕ್ಸ್‌ಆಫ್ ಬರೆದು, ಪದ ಸಿಗದಿದ್ದರೆ ಅದು ಕೊಡುವ -1 ಜೊತೆ ಹೋಲಿಸುತ್ತಿದ್ದೆವು. ಸಾವಿರಾರು ಮೌಲ್ಯಗಳಲ್ಲಿ ಹುಡುಕುವುದಿದ್ದರೆ ಸೆಟ್ (ಬೇಗ ಹುಡುಕಬಲ್ಲ ಸಂಗ್ರಹ) ಬಳಸಿ. ನಾಲ್ಕು ಪದಕ್ಕೆ ಅದು ಬೇಕಿಲ್ಲ.

ಈ ಖುಷಿಯಲ್ಲಿ ಸ್ವಲ್ಪ ಜಾಸ್ತಿನೇ ಮುಂದೆ ಹೋದೆ. ಸ್ಟಾಕ್ ಪಟ್ಟಿಯಲ್ಲಿ ಎಣಿಕೆ ನಲ್ (ಏನೂ ಇಲ್ಲ) ಆಗಿದೆಯಾ, ಅನ್‌ಡಿಫೈನ್ಡ್ (ಕೊಟ್ಟೇ ಇಲ್ಲ) ಆಗಿದೆಯಾ ಅಂತ ಎರಡು ಷರತ್ತು ಇದ್ದವು. ಎರಡನ್ನೂ ಅಳಿಸಿ, ನಿಜ-ಸುಳ್ಳು ನೋಡಿ ನಿಜವಾದದ್ದನ್ನಷ್ಟೇ ಉಳಿಸುವ ಫಿಲ್ಟರ್(ಬೂಲಿಯನ್) ಅಂದುಬಿಟ್ಟೆ. ನೋಡೋಕೆ ಎಷ್ಟು ಚೆಂದ! ಆದರೆ ಬೂಲಿಯನ್ ಕಣ್ಣಿಗೆ 0 ಕೂಡ ಸುಳ್ಳೇ. ಸ್ಟಾಕ್ ಪೂರ್ತಿ ಖಾಲಿಯಾದ ಸಾಮಾನುಗಳೇ ಪಟ್ಟಿಯಿಂದ ಮಾಯ. ಮೊದಲು ತರಿಸಬೇಕಾದದ್ದೇ ಅವು!

ಈಗ ಅಲ್ಲಿ ಎಣಿಕೆ != ನಲ್ ಅಂತ ಒಂದೇ ಷರತ್ತು ಇದೆ. !== ತರ ಎರಡು ಸಮ ಚಿಹ್ನೆ ಇಲ್ಲ, ಒಂದೇ. ಹಾಗಿದ್ದರೆ ನಲ್, ಅನ್‌ಡಿಫೈನ್ಡ್ ಎರಡೂ ಹೋಗುತ್ತವೆ, 0 ಉಳಿಯುತ್ತದೆ. ಲಿಂಟರ್ (ಕೋಡ್‌ನ ತಪ್ಪು ಹುಡುಕುವ ಸಾಧನ) != ನೋಡಿ ಗೊಣಗುತ್ತಿತ್ತು. ನಲ್‌ಗೆ ಮಾತ್ರ ವಿನಾಯಿತಿ ಕೊಟ್ಟು ಅದನ್ನು ಸುಮ್ಮನಾಗಿಸಿದ್ದೇನೆ.